ಒಡೆದ ಕಲ್ಲಿನ ಲೆಕ್ಕ

ನನ್ನ ಮಗ ಒಂದು ಸಂಜೆ ಬಂದು, “ಅಪ್ಪ, ನಾನು ಮೆಂಬರ್ ಆಗ್ಬೇಕು, ದುಡ್ಡು ಕೊಡಿ” ಎಂದ. ನನಗೆ ಪರಮ ಸಂತೋಷವಾಯಿತು. ಹದಿನಾಲ್ಕು ವರ್ಷದ ಹುಡುಗ, ಯಾರ ಬಲವಂತವೂ ಇಲ್ಲದೆ ಊರಿನ ಗ್ರಂಥಾಲಯಕ್ಕೆ ಸದಸ್ಯನಾಗಲು ಹೊರಟಿದ್ದಾನೆ. ಎಷ್ಟಾದರೂ ಕನ್ನಡ ಮೇಷ್ಟರ ಮಗನಲ್ಲವೆ ಎಂದುಕೊಂಡೆ. ಜೇಬಿಗೆ ಕೈ ಹಾಕುತ್ತ, “ಯಾವುದಕ್ಕಪ್ಪ?” ಎಂದು ಕೇಳಿದೆ. “ರೂನ್‌ಸ್ಕೇಪಿಗೆ” ಎಂದ. ಜೇಬಿನೊಳಗಿನ ಕೈ ಅಲ್ಲಿಯೇ ನಿಂತಿತು.

ರೂನ್‌ಸ್ಕೇಪ್ ಎಂಬುದು ಅಂತರಜಾಲದ ಮೇಲೆ ಆಡುವ ಒಂದು ಆಟ. ಇಂಗ್ಲೆಂಡಿನ ಗೋವರ್ ಸೋದರರು ಕಟ್ಟಿ ೨೦೦೧ರ ಜನವರಿಯಲ್ಲಿ ಲೋಕಕ್ಕೆ ಬಿಟ್ಟದ್ದು. ಅದರೊಳಗೆ ಒಂದು ದೇಶವೇ ಇದೆ: ಕೋಟೆ, ಕಾಡು, ಸಂತೆ, ಸ್ಮಶಾನ, ಎಲ್ಲವೂ. ಆಡುವವನು ಅಲ್ಲಿಗೆ ಹೊಸದಾಗಿ ಬಂದಿಳಿದ ಒಬ್ಬ ಮನುಷ್ಯನಾಗಿ ಓಡಾಡುತ್ತಾನೆ. ಅವನ ಪಕ್ಕದಲ್ಲಿ ಓಡಾಡುವವರೂ ಎಲ್ಲಿಯೋ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಆಡುತ್ತಿರುವ ನಿಜವಾದ ಜನ. ವರ್ಷ ಕಳೆದಂತೆ ಅದನ್ನು ಕಟ್ಟಿದವರು ಸುಧಾರಣೆಯ ಮೇಲೆ ಸುಧಾರಣೆ ತಂದರಂತೆ. ಜನಕ್ಕೆ ಹಿಡಿಸಲಿಲ್ಲ, ನಮಗೆ ಹಳೆಯದೇ ಬೇಕು ಎಂದರು. ಕಡೆಗೆ ೨೦೦೭ರ ಪ್ರತಿಯೊಂದನ್ನು ಹುಡುಕಿ ತೆಗೆದು, ೨೦೧೩ರಲ್ಲಿ ಅದನ್ನು ಬೇರೆಯಾಗಿಯೇ ತೆರೆದರು. ನನ್ನ ಮಗ ಆಡುವುದು ಆ ಹಳೆಯದನ್ನು. ಹಳಗನ್ನಡ ಪಾಠ ಮಾಡುವವನಿಗೆ ಈ ಸಂಗತಿ ಕೇಳಿ ಸ್ವಲ್ಪ ಹಿತವೆನಿಸಿತು ಎಂಬುದನ್ನು ಮುಚ್ಚಿಡುವುದೇಕೆ? ಅದರಲ್ಲಿ ಪುಕ್ಕಟೆಯಾಗಿ ಆಡಬಹುದಾದ ಭಾಗವೂ ಉಂಟು. ತಿಂಗಳ ಚಂದಾ ತೆತ್ತರೆ ತೆರೆಯುವ ಭಾಗವೂ ಉಂಟು. ಮೆಂಬರ್ ಎಂದರೆ ಇದು.

ಚಂದಾ ಕೊಡುವ ಮೊದಲು ಕೊಳ್ಳುವ ಸರಕನ್ನು ನೋಡಬೇಕಲ್ಲ. ಒಂದು ಭಾನುವಾರ ಅವನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಕತ್ತಿ, ರಕ್ತ, ರಾಕ್ಷಸರು ಕಾಣುತ್ತಾರೆ, ಗದರಿಸಿ ಎದ್ದು ಹೋಗಬಹುದು ಎಂಬುದು ನನ್ನ ಲೆಕ್ಕಾಚಾರ. ಹತ್ತು ನಿಮಿಷ ನೋಡಿದೆ. ಪರದೆಯ ಮೇಲೆ ನನ್ನ ಮಗನ ಪ್ರತಿನಿಧಿ ಒಂದು ರಾಟೆಯ ಮುಂದೆ ನಿಂತು ನಾರು ನೂಲುತ್ತಿದ್ದ. ಇಪ್ಪತ್ತು ನಿಮಿಷವಾಯಿತು. ಆಗಲೂ ನೂಲುತ್ತಿದ್ದ. “ಯುದ್ಧ ಯಾವಾಗ?” ಎಂದೆ. “ಯುದ್ಧ ಯಾಕಪ್ಪ? ನಾನು ಕ್ರಾಫ್ಟಿಂಗ್ ಮಾಡ್ತಿದೀನಿ” ಎಂದ, ತಪಸ್ಸಿಗೆ ಭಂಗ ಬಂದವನಂತೆ.

ಕ್ರಾಫ್ಟಿಂಗಿಗೆ ಕನ್ನಡವೇನು ಎಂದು ಯೋಚಿಸಿದೆ. ಕುಶಲಕಲೆ ಎನ್ನುವುದು ಸರ್ಕಾರಿ ಮಳಿಗೆಯ ಫಲಕದ ಮಾತು. ಜನ ಆಡುವುದು ಕಸುಬು ಎಂದು. ಅರಬ್ಬಿಯಿಂದ ಬಂದ ಮಾತು ಅದು. ಮೂಲದಲ್ಲಿ ಗಳಿಕೆ ಎಂದರ್ಥ. ನನ್ನ ಮಗ ಏನನ್ನು ಗಳಿಸುತ್ತಿದ್ದಾನೆ ಎಂದು ಕೇಳಿದ್ದಕ್ಕೆ, “ಎಕ್ಸ್‌ಪೀರಿಯನ್ಸ್” ಎಂದ. ಅನುಭವ! ನಮ್ಮ ಕಡೆ ಅನುಭವ ಎಂದರೆ ಏಟು ತಿಂದು ಕಲಿತದ್ದು. ಅಲ್ಲಿ ಅದಕ್ಕೆ ಅಂಕಿಗಳಿವೆ. ಕುರಿಯ ಉಣ್ಣೆ ಕತ್ತರಿಸಿ ತಂದು ನೂತರೆ ಒಂದು ಉಂಡೆಗೆ ಎರಡೂವರೆ ಅನುಭವ. ಅಗಸೆಯ ನಾರನ್ನು ಹೊಸೆದು ಬಿಲ್ಲಿನ ಹೆದೆ ಮಾಡಿದರೆ ಹದಿನೈದು. ಆದರೆ ಮೊದಲ ದಿನವೇ ಅಗಸೆಗೆ ಕೈ ಹಾಕುವಂತಿಲ್ಲ. ಹತ್ತನೆಯ ಮಟ್ಟ ಮುಟ್ಟಿರಬೇಕು. ನೀಲವನ್ನು ಕೊರೆಯಲು ೨೦ನೆಯ ಮಟ್ಟ, ಪಚ್ಚೆಗೆ ೨೭, ಕೆಂಪಿಗೆ ೩೪, ವಜ್ರಕ್ಕೆ ೪೩. ನಮ್ಮ ಅಕ್ಕಸಾಲಿಗರು ಹುಡುಗರ ಕೈಗೆ ಮೊದಲು ಊದುಕೊಳವೆ ಕೊಟ್ಟು, ಚಿನ್ನವನ್ನು ಎಷ್ಟೋ ವರ್ಷದ ಮೇಲೆ ಕೊಡುತ್ತಿದ್ದರಲ್ಲ, ಅದೇ ಕ್ರಮ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಅಲ್ಲಿ ಯಾವ ಪದಾರ್ಥವೂ ಒಂದೇ ನೆಗೆತಕ್ಕೆ ಆಗುವುದಿಲ್ಲ. ಗಾಜು ಬೇಕೆ? ಸಮುದ್ರದ ದಡಕ್ಕೆ ಹೋಗಿ ಕಡಲ ಪಾಚಿ ಆಯ್ದು ತರಬೇಕು. ಅದನ್ನು ಸುಟ್ಟು ಬೂದಿಯ ಸೋಡಾ ಮಾಡಬೇಕು. ಮರಳನ್ನು ಬಕೀಟಿನಲ್ಲಿ ಹೊತ್ತು ತರಬೇಕು. ಎರಡನ್ನೂ ಕುಲುಮೆಗೆ ಹಾಕಿ ಕರಗಿಸಬೇಕು. ಆಮೇಲೆ ಕೊಳವೆಯಿಂದ ಊದಬೇಕು. ಮಡಕೆಗೆ ಗಣಿಯ ಜೇಡಿಯನ್ನು ನೀರಿನಲ್ಲಿ ಕಲಸಿ ಮೆತ್ತಗೆ ಮಾಡಿ, ತಿಗುರಿಯ ಮೇಲೆ ತಿರುಗಿಸಿ, ಆವಿಗೆಯಲ್ಲಿ ಸುಡಬೇಕು. ತೊಗಲಿನ ಕೈಗವಸಿಗೆ ಹಸುವಿನ ಚರ್ಮ ತಂದು, ಹದಮಾಡುವವನಿಗೆ ಒಂದು ನಾಣ್ಯ ತೆತ್ತು, ಸೂಜಿ ದಾರ ಹಿಡಿದು ಹೊಲಿಯಬೇಕು. ಐದು ಪದಾರ್ಥ ಹೊಲಿಯುವಷ್ಟಕ್ಕೆ ದಾರ ಮುಗಿಯುತ್ತದೆ. ಗಾಜು ಎಂದರೆ ಅಂಗಡಿಯಲ್ಲಿ ಸಿಕ್ಕುವುದು ಎಂದಷ್ಟೇ ನನ್ನ ತಿಳಿವಳಿಕೆಯಾಗಿತ್ತು. ಮರಳು, ಸೋಡಾ, ಬೆಂಕಿ, ಉಸಿರು ಎಂದು ನನಗೆ ಪಾಠ ಹೇಳಿದವನು ನನ್ನ ಮಗ.

ಅವನು ಆಗ ೬೦ನೆಯ ಮಟ್ಟದಲ್ಲಿದ್ದ. ಒಟ್ಟು ಮಟ್ಟಗಳು ೯೯. “ಹಾಗಾದರೆ ಮುಕ್ಕಾಲು ಮೂರುವೀಸ ದಾರಿ ನಡೆದಿದ್ದೀಯ” ಎಂದೆ, ಮೆಚ್ಚುಗೆಯಿಂದಲೇ. ಅವನು ನಕ್ಕ. ಎರಡನೆಯ ಮಟ್ಟಕ್ಕೆ ಬೇಕಾದ ಅನುಭವ ಬರಿಯ ೮೩. ೬೦ನೆಯದಕ್ಕೆ ೨,೭೩,೭೪೨. ೯೯ನೆಯದಕ್ಕೋ, ೧,೩೦,೩೪,೪೩೧! ಇನ್ನೂ ವಿಚಿತ್ರವೆಂದರೆ, ಅದರ ಅರ್ಧ ದಾರಿ ಬರುವುದು ಐವತ್ತರ ಹತ್ತಿರವಲ್ಲ, ತೊಂಬತ್ತೆರಡರಲ್ಲಿ. ಕಡೆಯ ಏಳು ಮೆಟ್ಟಿಲಿಗೆ ಹಿಂದಿನ ತೊಂಬತ್ತೆರಡು ಮೆಟ್ಟಿಲಿನಷ್ಟೇ ಶ್ರಮ. ರಾಮನಗರದ ನಮ್ಮ ಕಾಲೇಜಿನಲ್ಲಿ ಗಣಿತ ಹೇಳುವ ಸಹೋದ್ಯೋಗಿಯೊಬ್ಬರಿದ್ದಾರೆ, ಮಾಗಡಿಯವರು, ಮಿತಭಾಷಿ. ಅವರ ಮುಂದೆ ಈ ಅಂಕಿಗಳನ್ನು ಇಟ್ಟಾಗ ಚೀಟಿಯ ಹಿಂಬದಿಯಲ್ಲಿ ಏನೋ ಗೀಚಿ, “ಏಳು ಮೆಟ್ಟಿಲಿಗೊಂದು ಸಲ ಇಮ್ಮಡಿಯಾಗುತ್ತೆ ಅಷ್ಟೆ” ಎಂದು ಚೀಟಿಯನ್ನು ನನಗೇ ಹಿಂದಿರುಗಿಸಿದರು. ಅಷ್ಟೆಯಂತೆ!

ನನಗೆ ಅದು ಅರ್ಥವಾದದ್ದು ಚೀಟಿಯಿಂದಲ್ಲ, ನಿದ್ದೆ ಹೋಗುತ್ತಿದ್ದ ಒಬ್ಬ ವಿದ್ಯಾರ್ಥಿಯಿಂದ. ಕನಕಪುರದ ಕಡೆಯ ಹುಡುಗ. ತರಗತಿಯ ನಡುವೆ ತಲೆ ಮೇಜಿಗೆ ಇಳಿಯಿತು. ಎಬ್ಬಿಸಿ ಕೇಳಿದರೆ, “ಹುಳ ನಾಲ್ಕನೇ ಜ್ವರ ಎದ್ದೈತೆ ಸಾರ್” ಎಂದ. ಬೇರೆ ಊರಿನಲ್ಲಿ ಪಾಠ ಮಾಡುವವರಿಗೆ ಇದು ಒಗಟು. ನಮ್ಮ ತಾಲ್ಲೂಕುಗಳ ಮೇಷ್ಟರುಗಳಿಗೆ ಅಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಮೇವು ಬಿಟ್ಟು, ತಲೆ ಎತ್ತಿ ನಿಶ್ಚಲವಾಗಿದ್ದು, ಪೊರೆ ಕಳಚುತ್ತದೆ. ಅದಕ್ಕೆ ರೈತರು ಇಟ್ಟ ಹೆಸರು ಜ್ವರ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಬಕಾಸುರನ ಹಸಿವು. ಹುಟ್ಟಿದಂದಿನಿಂದ ಗೂಡಿನವರೆಗೆ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡ ೮೦ಕ್ಕೂ ಹೆಚ್ಚನ್ನು ಅದು ತಿನ್ನುವುದು ಆ ಕಡೆಯ ವಾರದಲ್ಲಿಯೇ. ಮನೆಮಂದಿಯೆಲ್ಲ ಸೊಪ್ಪು ಕೊಯ್ದು, ಹೊತ್ತು, ಹಾಸಿ ಸೋಲುತ್ತಾರೆ. ಆ ಹುಡುಗ ರಾತ್ರಿಯೆಲ್ಲ ಸೊಪ್ಪು ಹಾಕಿ ಬಂದಿದ್ದ. “ಮಲಕ್ಕೊಳಪ್ಪ” ಎಂದೆ. ಕಡೆಯ ಏಳು ಮೆಟ್ಟಿಲು ಎಂದರೇನು ಎಂದು ಅಂದು ಹೊಳೆಯಿತು.

ಆದರೆ ಒಂದು ವ್ಯತ್ಯಾಸವುಂಟು, ಸಣ್ಣ ವ್ಯತ್ಯಾಸವಲ್ಲ. ನಾಲ್ಕು ಜ್ವರ ದಾಟಿಸಿ, ಸೊಪ್ಪೆಲ್ಲ ಉಣಿಸಿದ ಮೇಲೂ ಹುಳುವಿಗೆ ಸಪ್ಪೆ ರೋಗ ಬರಬಹುದು, ಸುಣ್ಣಕಟ್ಟು ಬರಬಹುದು. ಚಂದ್ರಿಕೆಗೆ ಬಿಡುವ ಬದಲು ಬುಟ್ಟಿಬುಟ್ಟಿ ಹೂಳಬೇಕಾಗಿ ಬರುತ್ತದೆ. ಗೂಡಾಗಿ ರಾಮನಗರದ ಮಾರುಕಟ್ಟೆಗೆ ಬಂದರೂ ಅಂದಿನ ಹರಾಜು ಹೇಗೋ ಎಂಬ ಅಳುಕು ತಪ್ಪಿದ್ದಲ್ಲ. ಮಗನ ಆಟದಲ್ಲಿ ಹಾಗಿಲ್ಲ. ಒಮ್ಮೆ ಗಳಿಸಿದ ಅನುಭವ ಎಂದೂ ಕರಗುವುದಿಲ್ಲ. ಹತ್ತು ವರ್ಷ ಆಟ ಬಿಟ್ಟು ಬಂದರೂ ಅರವತ್ತನೆಯವನು ಅರವತ್ತನೆಯವನೇ.

ಸಂತೆಯೂ ಅಲ್ಲುಂಟು, ದಿನದಿನವೂ ಏರಿಳಿಯುವ ಧಾರಣೆಯೂ ಉಂಟು ಎಂದು ಹೇಳಿದೆನಲ್ಲ. ಅದನ್ನು ಕೇಳಿದಾಗ ನಾನು ಬೆಪ್ಪಾದೆ. ಹಸಿರು ಡ್ರಾಗನ್ನಿನ ತೊಗಲು ಮೂರು ಸೇರಿಸಿ ಹೊಲಿದರೆ ಒಂದು ಕವಚ. ತೊಗಲು ಮೂರರ ಬೆಲೆಗಿಂತ ಕವಚದ ಬೆಲೆ ಸಾಮಾನ್ಯವಾಗಿ ಕಡಿಮೆ! “ಅಂದರೆ ಮಾಡಿದಷ್ಟೂ ನಷ್ಟವೆ? ಮತ್ತೆ ಯಾರು ಮಾಡುತ್ತಾರೆ?” ಎಂದೆ. “ಎಲ್ಲರೂ ಮಾಡ್ತಾರೆ, ಅದಕ್ಕೇ ನಷ್ಟ” ಎಂದ ಹುಡುಗ. ಸಾವಿರಾರು ಜನ ಕವಚ ಹೊಲಿಯುವುದು ಕವಚಕ್ಕಾಗಿ ಅಲ್ಲ, ಅನುಭವಕ್ಕಾಗಿ. ಬೇಕಾದದ್ದು ಕಲಿಕೆ; ಕವಚ ಅದರ ಸಿಪ್ಪೆ. ಸಿಪ್ಪೆಯ ರಾಶಿ ಸಂತೆಯಲ್ಲಿ ಬಿದ್ದರೆ ಬೆಲೆ ಎಲ್ಲಿ ನಿಲ್ಲುತ್ತದೆ? ಕಳೆದುಕೊಂಡ ಹಣವನ್ನು ಅವರು ಗುರುದಕ್ಷಿಣೆ ಎಂದೇ ಲೆಕ್ಕ ಹಾಕುತ್ತಾರಂತೆ. ಎಂ.ಎ. ಮಾಡಲು ನಾನು ಕಳೆದ ಎರಡು ವರ್ಷವನ್ನೂ, ಆಗ ಬರೆದು ಈಗ ಗೆದ್ದಲಿಗೆ ಮೇವಾಗಿರುವ ನಿಬಂಧಗಳನ್ನೂ ನೆನೆದು ಸುಮ್ಮನಾದೆ. ಚಂದಾ ಕೊಟ್ಟೆ.

ಈ ಮಾತುಗಳೆಲ್ಲ ನಡೆಯುತ್ತಿದ್ದಾಗ ಅದೇ ಕೋಣೆಯ ಮಂಚದ ಮೇಲೆ ನಮ್ಮ ತಂದೆಯವರು ಗೋಡೆಗೊರಗಿ ಕುಳಿತಿರುತ್ತಿದ್ದರು. ಅವರಿಗೀಗ ಎಪ್ಪತ್ತೇಳು. ನಮ್ಮದು ಚನ್ನಪಟ್ಟಣ, ಬೊಂಬೆಯ ಊರು ಎಂದರೆ ನಾಡಿಗೆಲ್ಲ ತಿಳಿಯುತ್ತದೆ. ಟಿಪ್ಪು ಸುಲ್ತಾನನು ಪಾರಸಿ ಕುಶಲಿಗಳನ್ನು ಕರೆಸಿ ಈ ಕೆಲಸ ಕಲಿಸಿದನೆಂದೂ, ಬಾವಾಸ್ ಮಿಯಾ ಎಂಬುವರು ಜಪಾನೀಯರ ಅರಗಿನ ಕೆಲಸದ ಮರ್ಮ ತಿಳಿದು ಬಂದು ಇಲ್ಲಿ ರೂಢಿಸಿದರೆಂದೂ ಊರಿನಲ್ಲಿ ಹೇಳುತ್ತಾರೆ. ನಮ್ಮ ತಂದೆ ಹನ್ನೆರಡನೆಯ ವಯಸ್ಸಿಗೆ ಲೇತಿನ ಮುಂದೆ ಕುಳಿತವರು. ಮೊದಲು ಒಂದು ಕೈಯಲ್ಲಿ ಬಿಲ್ಲೆಳೆದು ತಿರುಗಿಸುವ ಕೈಲೇತು, ಆಮೇಲೆ ಕರೆಂಟಿನದು. ಬುಗುರಿ, ಗಿಲಕಿ, ಬಳೆ, ಕುಂಕುಮದ ಭರಣಿ, ಹೆಚ್ಚಾಗಿ ಬುಗುರಿ. ಪ್ಲಾಸ್ಟಿಕ್ಕಿನ ಆಟದ ಸಾಮಾನು ಅಂಗಡಿಗಳನ್ನು ತುಂಬಿದ ವರ್ಷಗಳನ್ನೂ ಹೇಗೋ ದಾಟಿದರು. ಚನ್ನಪಟ್ಟಣದ ಬೊಂಬೆಗೆ ೨೦೦೫-೦೬ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಂದಾಗ, “ಗುರುತು ಬಂತು, ಗಿರಾಕಿ ಬರಲಿ” ಎಂದಿದ್ದರು. ಕೈ ನಡುಗಲು ತೊಡಗಿದಾಗ ಲೇತನ್ನು ಮಾರಿದರು. ಹಣ ಎಣಿಸಿ ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋಗಿ ಕುಳಿತರು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅವರು ಒಂದು ದಿನ ಮೊಮ್ಮಗನನ್ನು ಕೇಳಿದರು: “ಅಲ್ಲ ಮಗ, ಇಷ್ಟು ಹೊತ್ತಿನಿಂದ ಮಾಡ್ತಿದೀಯಲ್ಲ, ಒಂದೂ ಕೆಡಲಿಲ್ವ?”

“ಕೆಡಲ್ಲ ತಾತ. ಮಟ್ಟ ಇದ್ರೆ ಆಗೇ ಆಗುತ್ತೆ.”

“ಮಣ್ಣು ಬಿರಿಯಲ್ವ? ಚರ್ಮ ಹರಿಯಲ್ವ?”

“ಇಲ್ಲ.”

“ಎಲ್ಲಾ ಮಡಕೇನೂ ಒಂದೇ ಥರವ?”

“ಎಲ್ಲಾ ಒಂದೇ.”

“ಹಂಗಾದ್ರೆ ಅದು ಕಸುಬಲ್ಲ ಬುಡು” ಎಂದು ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಹುಡುಗನ ಮುಖ ಚಿಕ್ಕದಾಯಿತು. ನಾನು ಏನಾದರೂ ಸಮಾಧಾನ ಹೇಳೋಣವೆಂದುಕೊಂಡೆ. ಆದರೆ ತಂದೆಯವರು ಹೇಳಿದ್ದು ಸರಿ ಎಂದೇ ನನಗೂ ತೋರಿತು. ಕೈ ಪಳಗಿದೆ ಎನ್ನುತ್ತೇವೆ ಕನ್ನಡದಲ್ಲಿ. ಆನೆಯನ್ನು ಪಳಗಿಸುವುದು ಎಂದಾಗ ಬರುವುದೂ ಅದೇ ಮಾತು. ಪಳಗುವ ಮೊದಲು ಎದುರು ಬೀಳುವುದು ಒಂದಿರಬೇಕಲ್ಲ! ಮರ ಎದುರು ಬೀಳುತ್ತದೆ, ಮಣ್ಣು ಎದುರು ಬೀಳುತ್ತದೆ, ಮೊದಮೊದಲು ನಮ್ಮ ಬೆರಳುಗಳೇ ಎದುರು ಬೀಳುತ್ತವೆ. ಮಗನ ಆಟದ ಜೇಡಿಮಣ್ಣು ಹುಟ್ಟಿನಿಂದಲೇ ಸಾಧು.

ಎರಡು ಮೂರು ದಿನ ಕಳೆದಿರಬೇಕು. ಹುಡುಗ ಓಡಿಬಂದು, “ತಾತ, ಒಂದಿದೆ! ಓಪಲ್ ಒಡೆಯುತ್ತೆ!” ಎಂದ. ಚಂದಾದಾರರ ಭಾಗದಲ್ಲಿ ಕೆಲವು ಅಗ್ಗದ ಹರಳುಗಳಿವೆಯಂತೆ, ಓಪಲ್ ಅವುಗಳಲ್ಲೊಂದು. ಉಳಿಯಿಟ್ಟು ಕೊರೆಯುವಾಗ ಅದು ಪುಡಿಯಾಗಬಹುದು. ಮಟ್ಟ ಏರಿದಂತೆ ಒಡೆಯುವುದು ಕಡಿಮೆಯಾಗುತ್ತದೆ. ತಂದೆಯವರು ಎದ್ದು ಕುಳಿತರು.

“ಒಡೆದ್ರೆ?”

“ಕಲ್ಲು ಹೋಯ್ತು.”

“ಯಾರೂ ಹೊಡೆಯಲ್ವ?”

“ಯಾರು ಹೊಡೀತಾರೆ ತಾತ? ಒಡೆದ್ರೂ ಎಕ್ಸ್‌ಪೀರಿಯನ್ಸ್ ಕೊಡ್ತಾರೆ. ಚೆನ್ನಾಗಿ ಕೊರೆದ್ರೆ ಹದಿನೈದು, ಒಡೆದ್ರೆ ಮೂರು ಪಾಯಿಂಟ್ ಎಂಟು. ಹೆಚ್ಚುಕಡಿಮೆ ಕಾಲು ಭಾಗ.”

ತಂದೆಯವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. “ಒಡೆದದ್ದಕ್ಕೂ ಲೆಕ್ಕ ಇಟ್ಟವ್ರೆ” ಎಂದರು. ಆಮೇಲೆ ನನ್ನನ್ನು ನೋಡಿ, “ನಮ್ಮ ಯಜಮಾನ್ರು ಒಡೆದದ್ದನ್ನ ಕೂಲಿಯಲ್ಲಿ ಹಿಡಕೊಳೋರು. ಒಂದು ಬುಗುರಿ ಬಿರಿದ್ರೆ ಬೆನ್ನ ಮೇಲೊಂದು, ಕೂಲಿಯಲ್ಲೊಂದು. ಆದ್ರೆ ಕಲಿತದ್ದು ಮಾತ್ರ ಆ ಬಿರಿದ ಬುಗುರಿಗಳಿಂದ್ಲೇ ಕಣಪ್ಪ” ಎಂದರು.

ಇಲ್ಲಿ ನನ್ನ ವಿಷಯ ಒಂದಿಷ್ಟು ಹೇಳಬೇಕು. ನನಗೆ ಎಂಟೋ ಒಂಬತ್ತೋ ವರ್ಷವಾಗಿದ್ದಾಗ, ತಂದೆಯವರು ಊಟಕ್ಕೆ ಎದ್ದ ಹೊತ್ತು ನೋಡಿ ಅವರ ಉಳಿಯನ್ನು ತೆಗೆದುಕೊಂಡು ಲೇತಿನ ಮುಂದೆ ಕುಳಿತಿದ್ದೆ. ತಿರುಗುವ ಮರಕ್ಕೆ ಉಳಿ ಮುಟ್ಟಿಸಿದ್ದೇ ತಡ, ತುಂಡು ಸಿಡಿದು ಗೋಡೆಗೆ ಬಡಿಯಿತು. ಅವರು ಎಂಜಲು ಕೈಯಲ್ಲಿ ಓಡಿಬಂದರು. ಹೊಡೆಯಲಿಲ್ಲ. ಉಳಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, “ಇದು ನಿನಗೆ ಬೇಡ. ನೀನು ಓದು” ಎಂದರು. ಅಷ್ಟೆ. ಆ ಮೇಲೆ ನಾನು ಓದಿದೆ. ಲೇತಿನ ಕೋಣೆಗೆ ಊಟಕ್ಕೆ ಕರೆಯಲು ಹೋಗುತ್ತಿದ್ದೆನೇ ಹೊರತು ಒಳಗೆ ಕುಳಿತದ್ದಿಲ್ಲ. ಅರಗಿನ ವಾಸನೆ ಅವರ ಅಂಗಿಯಲ್ಲಿ ಇರುತ್ತಿತ್ತು. ನನ್ನ ಅಂಗಿಗೆ ಅದು ಅಂಟಬಾರದು ಎಂದು ಅವರೂ ನಮ್ಮ ತಾಯಿಯೂ ಪಟ್ಟ ಶ್ರಮ ಅಷ್ಟಿಷ್ಟಲ್ಲ. ಅವರ ಅಭಿಲಾಷೆ ಕೈಗೂಡಿತು. ಪಂಪನ ವೃತ್ತಗಳನ್ನು ಬಿಡಿಸುತ್ತೇನೆ. ಮನೆಯ ಬಾಗಿಲಿನ ಚಿಲಕ ಸಡಿಲವಾದರೆ ಬಡಗಿಯನ್ನು ಕರೆಸುತ್ತೇನೆ. ಮೊಮ್ಮಗನು ತಾತನ ದಾರಿಯನ್ನು ಯಾವುದೋ ಇಂಗ್ಲೆಂಡಿನ ಮೂಲಕ ಸುತ್ತಿ ಬಂದು ಹಿಡಿದಿರುವಾಗ, ನಡುವಿನವನು ನಾನೊಬ್ಬನೇ ಬರಿಗೈ.

ಮುಂದಿನ ಭಾನುವಾರ ತಂದೆಯವರೇ, “ಬಾ ಮಗ, ಒಡೆಯೋ ಆಟ ತೋರಿಸ್ತೀನಿ” ಎಂದು ಮೊಮ್ಮಗನನ್ನು ಹೊರಡಿಸಿದರು. ಅವರ ಹಳೆಯ ಜೊತೆಗಾರರೊಬ್ಬರು, ನಾವು ಸಾಹೇಬರು ಎಂದು ಕರೆಯುವವರು, ಇನ್ನೂ ಎರಡು ಲೇತು ಇಟ್ಟುಕೊಂಡಿದ್ದಾರೆ. ಕೈಹಿಡಿದು ನಡೆಸಲು ನಾನೂ ಹೋದೆ. ಸಾಹೇಬರು, “ಬನ್ನಿ ಅಣ್ಣಾ, ಬನ್ನಿ ಮೇಷ್ಟ್ರೇ” ಎಂದು ಮಣೆ ಕೊಡವಿ ಕೊಟ್ಟರು.

ಮೂಲೆಯಲ್ಲಿ ಆಲೆಮರದ ತುಂಡುಗಳನ್ನು ಒಟ್ಟಿದ್ದರು. ದಂತದ ಬಣ್ಣ, ಗೆರೆ ಕಾಣದ ನುಣುಪು. ಕಡಿದೊಡನೆ ಕೆಲಸಕ್ಕೆ ಬರುವುದಿಲ್ಲ. ತಿಂಗಳುಗಟ್ಟಲೆ ಒಣಗಬೇಕು, ಇಲ್ಲವಾದರೆ ಮಾಡಿದ ಮೇಲೆ ಬಿರಿಯುತ್ತದೆ. “ಇದಕ್ಕೆ ಎಷ್ಟು ದಿನ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ಹುಡುಗ ಕೇಳಿದ. ಸಾಹೇಬರು ಒಂದು ತುಂಡನ್ನು ಬೆರಳಿನಿಂದ ತಟ್ಟಿ ಅವನ ಕಿವಿಯ ಹತ್ತಿರ ಹಿಡಿದರು. ಇನ್ನೊಂದನ್ನು ತಟ್ಟಿದರು. ನನಗೆ ಎರಡೂ ಒಂದೇ ಸದ್ದು. ಹುಡುಗ, “ಇದು ಸ್ವಲ್ಪ ಮಂಕು” ಎಂದ. ಮುದುಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಣ್ಣ ಹಾಕುವುದನ್ನು ನಾನು ಮೊದಲ ಬಾರಿಗೆ ಹತ್ತಿರದಿಂದ ಕಂಡೆ. ಕುಂಚವಿಲ್ಲ, ಬಣ್ಣದ ಬಟ್ಟಲಿಲ್ಲ. ಬುಗುರಿ ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಬಿಸಿಯಲ್ಲಿಯೇ ತಾಳೆಗರಿಯ ತುಂಡಿನಿಂದ ಒತ್ತಿ ಸವರಿದರೆ ಬಣ್ಣ ಸಮವಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಅರಗು ಒಂದು ಹುಳುವಿನದು, ರೇಷ್ಮೆ ಇನ್ನೊಂದು ಹುಳುವಿನದು. ನಮ್ಮ ಸೀಮೆಯ ಅನ್ನದಲ್ಲಿ ಹುಳುಗಳ ಋಣ ದೊಡ್ಡದು. ಇರಲಿ. ಸಾಹೇಬರು ಮಾಡಿದಾಗ ಹಳದಿ ಪಟ್ಟೆಯೊಂದು ತಾನಾಗಿ ಅರಳಿದಂತೆ ಕಂಡಿತು. ಹುಡುಗ ಕಡ್ಡಿ ಹಿಡಿದ. ಮೊದಲು ಹತ್ತಲೇ ಇಲ್ಲ. ಜೋರಾಗಿ ಒತ್ತಿದ, ಗಂಟುಗಂಟಾಗಿ ಮೆತ್ತಿಕೊಂಡಿತು.

“ಎಷ್ಟು ಒತ್ತಬೇಕು ತಾತ?”

“ಹತ್ತೋವಷ್ಟು.”

“ಅಂದ್ರೆ?”

ತಂದೆಯವರಿಗೆ ಮಾತು ಸಿಕ್ಕಲಿಲ್ಲ. ಅವರು ಎದ್ದು ಹೋಗಿ ಹುಡುಗನ ಕೈಯ ಮೇಲೆ ತಮ್ಮ ಕೈಯಿಟ್ಟರು. ಊಟದ ತಟ್ಟೆಯ ಮೇಲೆ ನಡುಗುವ ಕೈ. ಕಡ್ಡಿಯ ಮೇಲೆಯೂ ನಡುಗುತ್ತಿತ್ತು. ಆದರೆ ತಿರುಗುವ ಮರಕ್ಕೆ ಒತ್ತಿ ಭಾರ ಬಿಟ್ಟೊಡನೆ ಆ ನಡುಕ ಎಲ್ಲಿಯೋ ಅಡಗಿತು. ಒಂದು ಬೆರಳಗಲದ ಹಳದಿ ನೇರವಾಗಿ ಬಂತು. ಮುಂದಿನ ಬೆರಳಗಲವನ್ನು ಹುಡುಗ ಒಬ್ಬನೇ ಮಾಡಿದ. ಅದು ನೇರವಾಗಿ ಬರಲಿಲ್ಲ. ಅವನು ಅದನ್ನು ಕೆರೆದು ಮತ್ತೆ ಮಾಡಿದ, ಮತ್ತೆ ಕೆರೆದ. ಮನೆಯಲ್ಲಿ ನಾರು ನೂಲುತ್ತಿದ್ದಾಗ ನಾನು ಮೊಂಡುತನವೆಂದು ಕರೆದಿದ್ದ ಅದೇ ತಾಳ್ಮೆ.

ಸಾಹೇಬರು ಚಹ ತರಿಸಿದರು. ಚಹ ಕುಡಿಯುತ್ತ ಹುಡುಗ, ತಾತನ ಮಟ್ಟ ಎಷ್ಟು ಎಂದು ಲೆಕ್ಕ ಹಾಕಲು ಹೊರಟ. ಒಂದು ಬುಗುರಿಗೆ ಚೆನ್ನಾಗಿ ಕೊರೆದ ಓಪಲ್ಲಿನಂತೆ ಹದಿನೈದು ಅನುಭವ ಎಂದು ಮೂವರೂ ಒಪ್ಪಿದರು. ದಿನಕ್ಕೆಷ್ಟು ಬುಗುರಿ? ಅರವತ್ತು ಎಂದಿಟ್ಟುಕೋ ಎಂದರು ತಂದೆ. ವರ್ಷಕ್ಕೆ ಮುನ್ನೂರು ದಿನ. ನಲವತ್ತು ವರ್ಷ. ಏಳು ಲಕ್ಷದ ಇಪ್ಪತ್ತು ಸಾವಿರ ಬುಗುರಿ! ಆ ಸಂಖ್ಯೆ ಕೇಳಿ ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಹದಿನೈದರಿಂದ ಗುಣಿಸಿದರೆ ಒಂದು ಕೋಟಿ ಎಂಟು ಲಕ್ಷ. ಹುಡುಗ ಫೋನಿನಲ್ಲಿ ಕೋಷ್ಟಕ ತೆಗೆದು ನೋಡಿ, “ತೊಂಬತ್ತೇಳು ತಾತ!” ಎಂದು ಕೂಗಿದ.

“ಎಷ್ಟಕ್ಕೆ?”

“ತೊಂಬತ್ತೊಂಬತ್ತಕ್ಕೆ.”

“ಇನ್ನೂ ಎರಡು ಬಾಕಿಯಾ?” ಎಂದರು ತಂದೆ. ಅವರಿಗೆ ಬೇಸರವಾಯಿತೆಂದು ನೀವು ತಿಳಿದರೆ ತಪ್ಪು. ಸಾಹೇಬರ ಕಡೆಗೆ ತಿರುಗಿ, “ಇನ್ನೂ ಎರಡು ಐತಂತೆ ಭಾಯ್” ಎಂದು ನಕ್ಕರು. ಲೇತು ಮಾರಿದ ಮೇಲೆ ಅಂಥ ನಗುವನ್ನು ನಾನು ಕಂಡಿರಲಿಲ್ಲ.

“ಅಪ್ಪ, ನಿಮ್ಮದು?” ಎಂದು ಹುಡುಗ ಕೇಳಿದ.

ನಾನು ಸೊನ್ನೆ ಎಂದೆ. ಆಟದಲ್ಲಿ ಸೊನ್ನೆಯೇ ಇಲ್ಲವಂತೆ. ಏನೂ ಬಾರದವನೂ ಒಂದರಿಂದ ಹೊರಡುತ್ತಾನೆ. ತಂದೆಯವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಲೇತಿನ ಪಕ್ಕದಲ್ಲಿದ್ದ ಉಳಿಯನ್ನು ಎತ್ತಿ, ಹಿಡಿ ನನ್ನ ಕಡೆಗಿರುವಂತೆ ಚಾಚಿದರು. ಏನೂ ಹೇಳಲಿಲ್ಲ. ಅದು ಬೇರೆ ಉಳಿ. ಅವರದು ಲೇತಿನ ಜೊತೆಯಲ್ಲಿಯೇ ಹೋಗಿತ್ತು. ಆದರೂ ತೆಗೆದುಕೊಳ್ಳುವಾಗ ನನ್ನ ಕೈ, ನಲವತ್ತಾರು ವರ್ಷದ ಅಧ್ಯಾಪಕನ ಕೈ, ಅವರ ಕೈಗಿಂತ ಹೆಚ್ಚಾಗಿ ನಡುಗಿತು.

ಅರ್ಧ ಗಂಟೆಯ ಮೇಲೆ ಲೇತಿನಿಂದ ಇಳಿದ ವಸ್ತುವನ್ನು ವರ್ಣಿಸುವುದು ಕಷ್ಟ. ಬುಗುರಿಯಾಗಲು ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಿಸಿ ಭರಣಿಯ ಮುಚ್ಚಳವಾಗಲು ಯತ್ನಿಸಿ, ಕಡೆಗೆ ಮಗ್ಗುಲಲ್ಲಿ ಬಿರಿದುಕೊಂಡಿತ್ತು. ಸಾಹೇಬರು ಸಭ್ಯರು; ಚಹದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ತಂದೆಯವರು ಅದನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು. ನೆಲದ ಮೇಲಿಟ್ಟು ತಿರುಗಿಸಿದರು. ಅದು ಒಂದೂವರೆ ಸುತ್ತು ಸುತ್ತಿ ಮಲಗಿತು.

“ಇದಕ್ಕೆ ನಿನ್ನ ಆಟದಲ್ಲಿ ಎಷ್ಟು ಕೊಡ್ತಾರೆ ಮಗ?”

“ಮೂರು ಪಾಯಿಂಟ್ ಎಂಟು” ಎಂದ ಹುಡುಗ. ಸ್ವಲ್ಪ ಹೊತ್ತು ಬೆರಳು ಎಣಿಸಿ, “ಇಂಥವು ಇಪ್ಪತ್ತೆರಡು ಮಾಡಿದ್ರೆ ಅಪ್ಪ ಎರಡನೇ ಮಟ್ಟಕ್ಕೆ ಬರ್ತಾರೆ” ಎಂದ.

ತಂದೆಯವರು ಆಗಲೇ ಮೂಲೆಯ ರಾಶಿಯ ಮುಂದೆ ಬಗ್ಗಿ, ಇನ್ನೊಂದು ತುಂಡನ್ನು ಕಿವಿಯ ಹತ್ತಿರ ಹಿಡಿದು ತಟ್ಟುತ್ತಿದ್ದರು.